ವೇಗದ ಅಂಕೆ, ಕೆಲಸದ ಅಳತೆ

ಅಡಕೆ ಮಾರಿದ ಹಣದಲ್ಲಿ ಮಗಳ ಕಾಲೇಜು ವ್ಯಾಸಂಗಕ್ಕೆಂದು ಕಂಪ್ಯೂಟರ್ ಕೊಳ್ಳಹೊರಟ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಡು ಜಾಹೀರಾತು ಪತ್ರಗಳನ್ನು ತಂದು ನನ್ನ ಮುಂದೆ ಹರಡಿದನು. ಒಂದರಲ್ಲಿ ಇಂಟೆಲ್ ಕಂಪೆನಿಯ ಪ್ರೊಸೆಸರ್, ಇನ್ನೊಂದರಲ್ಲಿ ಎಎಂಡಿ ಕಂಪೆನಿಯದು. ತಮ್ಮದೇ ಮುಂದು ಎಂದು ಎರಡೂ ಸಾರುತ್ತಿದ್ದವು. “ಮಾಷ್ಟ್ರೇ, ಯಾರ ಮಾತು ನಂಬುವುದು?” ಎಂದು ಕೇಳಿದನು.

ಈ ಜಗಳ ಹೊಸತಲ್ಲ. ಪ್ರೊಸೆಸರಿನ ಗಡಿಯಾರವು ಸೆಕೆಂಡಿಗೆ ನೂರು ಕೋಟಿ ಬಾರಿ ಮಿಡಿದರೆ ಅದಕ್ಕೆ ಒಂದು ಗಿಗಾಹರ್ಟ್ಸ್ ಎನ್ನುವರು. 2000ದ ಮಾರ್ಚಿನಲ್ಲಿ ಎಎಂಡಿ ಆ ಗೆರೆಯನ್ನು ಇಂಟೆಲಿಗಿಂತ ಎರಡೇ ದಿನ ಮೊದಲು ಮುಟ್ಟಿತು. ಓಟದ ಆತುರ ಎಷ್ಟಿತ್ತೆಂದರೆ, ಅದೇ ವರ್ಷ ಇಂಟೆಲ್ ಹೊರತಂದ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಅನ್ನು ತಿಂಗಳೊಳಗೆ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು.

ಮಿಡಿತವೇ ಕೆಲಸವಲ್ಲ. ಚೊಂಬಿನಿಂದ ಹತ್ತು ಸಲ ಸೇದಿದವನಿಗಿಂತ ಕೊಡದಿಂದ ನಾಲ್ಕು ಸಲ ಸೇದಿದವನು ಹೆಚ್ಚು ನೀರು ತಂದಾನು. ಪೆಂಟಿಯಂ 4ರ ರಚನೆಯು ಮಿಡಿತವನ್ನು ಹೆಚ್ಚಿಸಿಕೊಂಡಿತು, ಆದರೆ ಪ್ರತಿ ಮಿಡಿತದ ಕೆಲಸ ತಗ್ಗಿತು. ಇದನ್ನು ಜನರಿಗೆ ತಿಳಿಸಲು ಎಎಂಡಿ 2001ರಲ್ಲಿ, ವಾಸ್ತವವಾಗಿ 1533 ಮೆಗಾಹರ್ಟ್ಸ್ ವೇಗದ ತನ್ನ ಪ್ರೊಸೆಸರಿಗೆ ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರಿಟ್ಟಿತು. ತನ್ನದೇ ಹಿಂದಿನ ಅಥ್ಲಾನಿಗೆ ಹೋಲಿಸಿದ ಸಂಖ್ಯೆ ಇದು ಎಂದಿತು ಕಂಪೆನಿ. ಕೊಳ್ಳುವವರು ಮಾತ್ರ ಪೆಂಟಿಯಂ 4ಕ್ಕೆ ಹೋಲಿಸಿಯೇ ಓದಿದರು. ಒಂದು ಅಂಕೆಯ ಭ್ರಮೆ ಕಳೆಯಲು ಇನ್ನೊಂದು ಅಂಕೆ! ಕಡೆಗೆ 2006ರಲ್ಲಿ ಇಂಟೆಲಿನದೇ ಕೋರ್ 2 ಡ್ಯುಓ, ಕಡಿಮೆ ಮಿಡಿತದಲ್ಲಿಯೂ ಪೆಂಟಿಯಂ 4 ಅನ್ನು ಹಿಂದೆ ಹಾಕಿತು.

ಹಾಗಾದರೆ ಪರೀಕ್ಷೆ ನಡೆಸಿ ಅಂಕ ಕೊಡಬಹುದಲ್ಲವೆ? ಕೊಡುತ್ತಾರೆ. ಆದರೆ ಮೂವತ್ತು ವರ್ಷ ಪ್ರಶ್ನೆಪತ್ರಿಕೆ ಬರೆದ ನನಗೆ, ಪತ್ರಿಕೆ ತಯಾರಿಸಿದವರಾರು ಎಂಬುದೇ ಮೊದಲ ಪ್ರಶ್ನೆ. ಇಂಟೆಲಿನ ಕಂಪೈಲರ್ ಎಂಬ ಸಾಧನದಿಂದ ಸಿದ್ಧವಾದ ತಂತ್ರಾಂಶವು ಅನ್ಯರ ಪ್ರೊಸೆಸರನ್ನು ಕಂಡರೆ ನಿಧಾನದ ದಾರಿ ಹಿಡಿಯುತ್ತದೆಂಬ ಆಕ್ಷೇಪವಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ 2010ರಲ್ಲಿ ಆದ ಒಪ್ಪಂದದಂತೆ, ಅನ್ಯರ ಪ್ರೊಸೆಸರುಗಳಿಗೆ ಆ ಸಾಧನ ಪೂರ್ಣ ಪ್ರಯೋಜನ ಕೊಡದಿರಬಹುದೆಂದು ಬಳಕೆದಾರರಿಗೆ ತಿಳಿಸುವುದು ಇಂಟೆಲಿಗೆ ಅನಿವಾರ್ಯವಾಯಿತು. 1988ರಲ್ಲಿ ಹುಟ್ಟಿದ ಸ್ಪೆಕ್ ಸಂಸ್ಥೆಯ ಪರೀಕ್ಷೆಗಳಲ್ಲಿ ಯಂತ್ರದ ಮೆಮೊರಿ, ಕಂಪೈಲರ್ ಮುಂತಾದ ವಿವರಗಳನ್ನೂ ಪ್ರಕಟಿಸಬೇಕೆಂಬುದು ಒಂದು ಸಮಾಧಾನ.

“ಮಗಳು ಓದುವುದೇನು?” ಎಂದೆ. ವಾಣಿಜ್ಯಶಾಸ್ತ್ರವಂತೆ. ಜಾಹೀರಾತಿನ ಚಿತ್ರಪಟಗಳು ತೋರಿಸುತ್ತಿದ್ದುದೋ ಆಟಗಳ ವೇಗವನ್ನು. ಲೆಕ್ಕಪತ್ರ ಬರೆಯುವವಳಿಗೆ ಅದರಿಂದೇನು? ಮೆಮೊರಿ ಎಷ್ಟಿದೆ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಕೆಟ್ಟರೆ ಪೇಟೆಯಲ್ಲಿ ದುರಸ್ತಿ ಮಾಡುವವರಿದ್ದಾರೆಯೆ ಎಂದು ವಿಚಾರಿಸಿ ಬಾ ಎಂದು ಕಳುಹಿಸಿದೆ. ವಾರದ ಮೇಲೆ ಅಗ್ಗದ್ದನ್ನೇ ಕೊಂಡು ಬಂದನು. ಅದರೊಳಗಿನ ಪ್ರೊಸೆಸರ್ ಯಾರದೆಂದು ನಾನು ಕೇಳಿದಾಗ, ನೋಡಲು ಮರೆತೆನೆಂದು ನಕ್ಕನು.