ಲಿಂಕನ್ನರ ಮನೆತನ ಊರೂರು ಬದಲಿಸಿದ್ದೇಕೆ?

1848ರಲ್ಲಿ ಅಮೆರಿಕದ ಕಾಂಗ್ರೆಸ್ ಸದಸ್ಯರಾಗಿದ್ದ ಅಬ್ರಹಾಂ ಲಿಂಕನ್ನರಿಗೆ ಮಸಾಚುಸೆಟ್ಸ್ ರಾಜ್ಯದ ಹಿಂಗ್‌ಹ್ಯಾಂ ಎಂಬ ಊರಿನಿಂದ ಒಂದು ಪತ್ರ ಬಂತು. ಸಾಲೊಮನ್ ಲಿಂಕನ್ ಎಂಬವರು ಅವರ ಪೂರ್ವಿಕರ ವಿವರ ಕೇಳಿದ್ದರು. ಅಜ್ಜ ವರ್ಜೀನಿಯಾದಿಂದ ಕೆಂಟಕಿಗೆ ಬಂದವರು, ಮುತ್ತಜ್ಜ ಪೆನ್ಸಿಲ್ವೇನಿಯಾದ ಕಡೆಯವರಂತೆ ಎಂಬಷ್ಟನ್ನು ಬಿಟ್ಟರೆ ಲಿಂಕನ್ನರ ಉತ್ತರದಲ್ಲಿ ಹೆಚ್ಚೇನೂ ಇರಲಿಲ್ಲ. ಪತ್ರ ಬಂದ ಊರೇ ತಮ್ಮ ಮೂಲಪುರುಷನ ಊರು ಎಂಬುದು ಅವರಿಗೆ ಗೊತ್ತಿರಲಿಲ್ಲ. 1637ರಲ್ಲಿ ಇಂಗ್ಲೆಂಡಿನಿಂದ ಬಂದ ಸ್ಯಾಮುಯೆಲ್ ಲಿಂಕನ್ ನೆಲೆಯೂರಿದ್ದು ಹಿಂಗ್‌ಹ್ಯಾಂನಲ್ಲಿಯೇ.

ಎರಡು ಶತಮಾನಗಳಲ್ಲಿ ಈ ಮನೆತನ ಮಸಾಚುಸೆಟ್ಸ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ವರ್ಜೀನಿಯಾ, ಕೆಂಟಕಿ, ಇಂಡಿಯಾನಾ, ಇಲಿನಾಯ್ ಎಂದು ಏಳು ರಾಜ್ಯಗಳನ್ನು ದಾಟಿತು. ಇದು ಆ ಕಾಲದ ರೈತಾಪಿ ಕುಟುಂಬಗಳಿಗೆ ಹೊಸದಲ್ಲ. ಆದರೆ ಎಲ್ಲಿಂದ ಎಲ್ಲಿಗೆ ಹೋದರು ಎಂಬುದು ಸಿಕ್ಕಷ್ಟು ಸುಲಭವಾಗಿ ಏಕೆ ಹೋದರು ಎಂಬುದು ಸಿಗುವುದಿಲ್ಲ. 1840ರವರೆಗಿನ ಅಮೆರಿಕದ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತಿತ್ತು; ಉಳಿದವರೆಲ್ಲ ಬರಿಯ ಅಂಕಿಗಳು. 1850ರಿಂದ ಮನೆಯ ಪ್ರತಿ ಸದಸ್ಯನ ಹೆಸರು, ಹುಟ್ಟಿದ ರಾಜ್ಯ ದಾಖಲಾದವು. ದೊಡ್ಡ ಮಗ ಕೆಂಟಕಿಯಲ್ಲಿ, ನಡುವಿನವಳು ಇಂಡಿಯಾನಾದಲ್ಲಿ, ಕಿರಿಯ ಇಲಿನಾಯ್‌ನಲ್ಲಿ ಹುಟ್ಟಿದ್ದರೆ ಕುಟುಂಬ ಸಾಗಿದ ದಾರಿ ಗೊತ್ತಾಗುತ್ತದೆ. ಕಾರಣ ಮಾತ್ರ ಅಲ್ಲಿಲ್ಲ. ಅದನ್ನು ಕ್ರಯಪತ್ರ, ಕಂದಾಯದ ಪಟ್ಟಿ, ಕೋರ್ಟಿನ ಕಡತಗಳಲ್ಲಿ ಹುಡುಕಬೇಕು.

ಅಬ್ರಹಾಮರ ತಂದೆ ಥಾಮಸ್ ಲಿಂಕನ್ನನ ಹೆಸರು ಈ ಕಡತಗಳಿಂದಾಗಿಯೇ ಉಳಿಯಿತು ಎನ್ನಬೇಕು. ಲಿಂಕನ್ನರ ಮೊದಲ ಜೀವನಚರಿತ್ರಕಾರರಲ್ಲಿ ಕೆಲವರು ಆತನನ್ನು ಒಂದೆಡೆ ನಿಲ್ಲದ, ಕೈಲಾಗದ ಮನುಷ್ಯನೆಂದು ಚಿತ್ರಿಸಿಬಿಟ್ಟಿದ್ದರು. ಕೆಂಟಕಿಯ ದಾಖಲೆಗಳು ಹೇಳುವ ಕಥೆ ಬೇರೆ.

ಥಾಮಸನ ತಂದೆ 1786ರಲ್ಲಿ ಹೊಲದಲ್ಲಿದ್ದಾಗ ಮೂಲನಿವಾಸಿಗಳ ದಾಳಿಗೆ ಬಲಿಯಾದ. ಆಗ ಕೆಂಟಕಿಯೂ ವರ್ಜೀನಿಯಾಕ್ಕೇ ಸೇರಿತ್ತು. ಉಯಿಲಿಲ್ಲದೆ ಸತ್ತವನ ಜಮೀನು ಅಂದಿನ ಕಾನೂನಿನಂತೆ ಹಿರಿಯ ಮಗನಿಗೆ ಹೋಯಿತು. ಕಿರಿಯವನಾದ ಥಾಮಸ್ ಮರಗೆಲಸ ಕಲಿತು, ದುಡಿದು, ಒಂದಾದ ಮೇಲೊಂದು ಜಮೀನು ಕೊಂಡ. ತೊಂದರೆ ಎದ್ದದ್ದು ಚಕ್ಕುಬಂದಿಯಲ್ಲಿ. ಕೆಂಟಕಿಯಲ್ಲಿ ಸರ್ಕಾರದ ಕ್ರಮಬದ್ಧ ಮೋಜಣಿ ನಡೆದಿರಲಿಲ್ಲ. ಆ ಓಕ್ ಮರದಿಂದ ಈ ಹಳ್ಳದವರೆಗೆ, ಹಳ್ಳದಿಂದ ಆ ಬಂಡೆಯವರೆಗೆ ಎಂದು ಎಲ್ಲೆ ಬರೆಯುತ್ತಿದ್ದರು. ಮರ ಉರುಳಿದರೆ, ಹಳ್ಳ ದಿಕ್ಕು ಬದಲಿಸಿದರೆ ಹೇಳುವವರಾರು? ಒಂದೇ ನೆಲಕ್ಕೆ ಇಬ್ಬರು ಮೂವರು ಹಕ್ಕುದಾರರು ಹುಟ್ಟಿಕೊಂಡರು.

ಥಾಮಸ್ 1803ರಲ್ಲಿ 238 ಎಕರೆ ಎಂದು ಕೊಂಡ ಜಮೀನನ್ನು 1814ರಲ್ಲಿ 200 ಎಕರೆ ಎಂದು ಮಾರಬೇಕಾಯಿತು. ಮಗ ಅಬ್ರಹಾಂ ಹುಟ್ಟಿದ ಜಮೀನು ಹಕ್ಕಿನ ತಕರಾರಿನಲ್ಲಿ ಕೈತಪ್ಪಿತು. ನಾಬ್ ಕ್ರೀಕ್ ಎಂಬಲ್ಲಿನ ಮೂರನೆಯದರ ಮೇಲೆ ದೂರದ ಫಿಲಡೆಲ್ಫಿಯಾದ ವಾರಸುದಾರರು ದಾವೆ ಹೂಡಿದರು. 1818ರಲ್ಲಿ ತೀರ್ಪು ಥಾಮಸನ ಪರವಾಗಿಯೇ ಬಂತು. ಆದರೆ ಆತ 1816ರಲ್ಲೇ ಸಂಸಾರ ಕಟ್ಟಿಕೊಂಡು ಒಹಾಯೊ ನದಿ ದಾಟಿಬಿಟ್ಟಿದ್ದ. ಇದಕ್ಕೆ ಸ್ವಲ್ಪ ಮಟ್ಟಿಗೆ ಗುಲಾಮಗಿರಿ, ಮುಖ್ಯವಾಗಿ ಜಮೀನಿನ ಹಕ್ಕಿನ ತೊಡಕು ಕಾರಣ ಎಂದು 1860ರಲ್ಲಿ ಮಗನೇ ಬರೆದುಕೊಟ್ಟಿದ್ದಾರೆ.

ನದಿಯಾಚೆಯ ಇಂಡಿಯಾನಾದಲ್ಲಿ ಗುಲಾಮಗಿರಿಗೆ 1787ರಲ್ಲೇ ನಿಷೇಧವಿತ್ತು. ಅಲ್ಲಿ ನೆಲವನ್ನು ಕೇಂದ್ರ ಸರ್ಕಾರ ಚೌಕಚೌಕವಾಗಿ ಅಳೆದು ಮಾರುತ್ತಿತ್ತು. ಆರು ಮೈಲಿಗೆ ಆರು ಮೈಲಿಯ ಒಂದು ಟೌನ್‌ಷಿಪ್, ಅದರಲ್ಲಿ 640 ಎಕರೆಯ 36 ತುಂಡುಗಳು. ಹಕ್ಕುಪತ್ರ ನೇರವಾಗಿ ಸರ್ಕಾರದ್ದೇ. 1817ರಲ್ಲಿ ಥಾಮಸ್ ಎಕರೆಗೆ 2 ಡಾಲರಿನಂತೆ 160 ಎಕರೆ ಹಿಡಿದ. ಕಂತು ಕಟ್ಟಲಾರದೆ ಅರ್ಧ ಬಿಟ್ಟುಕೊಟ್ಟು, ಉಳಿದ 80 ಎಕರೆಯ ಹಣ ಪೂರ್ತಿ ತೀರಿಸಿದ. ಈ ನೆಲ ಒಡೆಯರಿಲ್ಲದೆ ಬಿದ್ದಿದ್ದದ್ದೇನಲ್ಲ. ಡೆಲವೇರ್ ಮತ್ತು ಪಿಯಾಂಕಶಾ ಜನರಿಂದ 1804ರ ಒಪ್ಪಂದಗಳಲ್ಲಿ ಸರ್ಕಾರ ಪಡೆದುಕೊಂಡದ್ದು. ಒಬ್ಬರಿಗೆ ಭದ್ರ ಹಕ್ಕುಪತ್ರ ಸಿಗಬೇಕಾದರೆ ಇನ್ನೊಬ್ಬರು ಜಾಗ ಖಾಲಿ ಮಾಡಬೇಕಾಗಿತ್ತು.

ಜಮೀನೊಂದೇ ಜನರನ್ನು ಎಬ್ಬಿಸುತ್ತಿರಲಿಲ್ಲ. 1818ರ ಅಕ್ಟೋಬರಿನಲ್ಲಿ ಥಾಮಸನ ಹೆಂಡತಿ ನ್ಯಾನ್ಸಿ 'ಹಾಲಿನ ಕಾಯಿಲೆ'ಯಿಂದ ತೀರಿಕೊಂಡಳು. ಅವರ ಹಿಂದೆಯೇ ಕೆಂಟಕಿಯಿಂದ ಬಂದಿದ್ದ ಆಕೆಯ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ಅದೇ ಕಾಯಿಲೆಗೆ ಬಲಿಯಾದರು. ಕಾಡಿನ ನೆರಳಲ್ಲಿ ಬೆಳೆಯುವ ಬಿಳಿ ಹೂವಿನ ವಿಷದ ಗಿಡವೊಂದನ್ನು ಮೇಯ್ದ ಹಸುವಿನ ಹಾಲು ಇದಕ್ಕೆ ಕಾರಣ ಎಂಬುದು ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ. 1830ರ ಸುಮಾರಿಗೆ ಕಾಯಿಲೆ ಮತ್ತೆ ಬಂದಿದೆ ಎಂಬ ಸುದ್ದಿ ಹಬ್ಬಿದಾಗ, ಬಂಡಿ ಕಟ್ಟಲು ಅಷ್ಟೇ ಸಾಕಾಯಿತು.

ಆದರೆ ಇಲಿನಾಯ್‌ಗೇ ಏಕೆ? ನ್ಯಾನ್ಸಿಯ ಕಡೆಯ ನೆಂಟ ಜಾನ್ ಹ್ಯಾಂಕ್ಸ್ ಮೊದಲೇ ಅಲ್ಲಿಗೆ ಹೋಗಿ, ನೆಲ ಚೆನ್ನಾಗಿದೆ ಎಂದು ಹೇಳಿಕಳಿಸಿದ್ದ. ಆ ಕಾಲದ ವಲಸೆಯಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಗೊತ್ತುಗುರಿಯಿಲ್ಲದೆ ಹೊರಟವರು ಕಡಿಮೆ. ಮುಂದೆ ಹೋದ ಭಾವನೋ ನೆರೆಯವನೋ ದಾರಿ ತೋರಿಸುತ್ತಿದ್ದ. ಹಿಂದೆ ಪೆನ್ಸಿಲ್ವೇನಿಯಾದಲ್ಲಿ ಕೆಂಟಕಿಯ ದಾರಿ ತೆರೆದ ಡೇನಿಯಲ್ ಬೂನನ ಮನೆತನ ಲಿಂಕನ್ನರ ನೆರೆಯದು. ಎರಡು ಮನೆಗಳ ನಡುವೆ ಮದುವೆಯ ಸಂಬಂಧವೂ ಇತ್ತು. ಆದ್ದರಿಂದಲೇ ಪೂರ್ವಿಕರ ಜಾಡು ತಪ್ಪಿದಾಗ ಅನುಭವಸ್ಥರು ಅವರ ಹೆಸರನ್ನು ಬಿಟ್ಟು, ಕ್ರಯಪತ್ರಕ್ಕೆ ಸಾಕ್ಷಿ ಹಾಕಿದವರ, ಬೀಗರ, ಪಕ್ಕದ ಹೊಲದವರ ಹೆಸರು ಹಿಡಿದು ಹೋಗುತ್ತಾರೆ. ಅವರೆಲ್ಲ ಒಟ್ಟಿಗೆ ಇನ್ನೊಂದು ಊರಿನ ಪಟ್ಟಿಯಲ್ಲಿ ಸಿಕ್ಕಿಬೀಳುವುದುಂಟು.

1830ರ ಮಾರ್ಚಿಯಲ್ಲಿ ಇಂಡಿಯಾನಾ ಬಿಟ್ಟದ್ದು ಮೂರು ಸಂಸಾರಗಳ 13 ಮಂದಿ. ಹೊಸ ಜಾಗದಲ್ಲಿ ಮೊದಲು ಚಳಿಜ್ವರ, ಆಮೇಲೆ ಇಲಿನಾಯ್ ಬಹುಕಾಲ ನೆನಪಿಟ್ಟುಕೊಂಡ ಭಾರೀ ಹಿಮ. ಬೇಸತ್ತ ಥಾಮಸ್ ಮರುವರ್ಷ ಇಂಡಿಯಾನಾಕ್ಕೇ ಮರಳಲು ಹೊರಟು, ದಾರಿಯಲ್ಲಿ ಕೋಲ್ಸ್ ಕೌಂಟಿಯಲ್ಲಿ ಉಳಿದುಬಿಟ್ಟ. 1851ರಲ್ಲಿ ಸತ್ತದ್ದೂ ಅಲ್ಲಿಯೇ. ಇಪ್ಪತ್ತೆರಡರ ಮಗ ಆ ಸಲ ತಂದೆಯ ಜೊತೆ ಹೋಗಲಿಲ್ಲ. ಸರಕಿನ ದೋಣಿಯೊಂದರಲ್ಲಿ ಕೆಲಸ ಹಿಡಿದು ನ್ಯೂ ಆರ್ಲಿಯನ್ಸ್‌ನತ್ತ ಹೊರಟಿದ್ದ.