ಹಿತ್ತಲ ಗಿಡ ಗದ್ದಲಕ್ಕೆ ಮದ್ದೇ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಮನೆಯ ಹಿರಿಯರ ಬಾಯಿಂದ ನೀವು ಕೇಳಿರಬಹುದು. ಮಾಟುಂಗದಲ್ಲಿ ಹುಟ್ಟಿ ಬೆಳೆದ ನಿಮಗೆ ಹಿತ್ತಲು ಎಂದೊಡನೆ ಊರಿನ ಅಜ್ಜಿಮನೆ ನೆನಪಾಗುತ್ತದೆ, ಅಲ್ಲವೇ? ನಮ್ಮ ಹಳೆಯ ಕಟ್ಟಡಗಳಿಗೂ ಹಿತ್ತಲಿದೆ. ಕಟ್ಟಡಕ್ಕೂ ಕಂಪೌಂಡ್ ಗೋಡೆಗೂ ನಡುವೆ ಇರುವ ಮಣ್ಣಿನ ಪಟ್ಟಿಯೇ ಅದು.

ಈ ಜಾಗ ಸುಮ್ಮನೆ ಉಳಿದದ್ದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿದ ಮೇಲೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್-ಮಾಟುಂಗ ಬಡಾವಣೆಯನ್ನು ರೂಪಿಸುವಾಗ ಅದು ಗಾಳಿ ಬೆಳಕಿಗೆಂದು ಕಟ್ಟಡಗಳ ಸುತ್ತ ಜಾಗ ಬಿಡಿಸಿತು. ಅಂದು ರೋಗಕ್ಕೆ ಮದ್ದೆಂದು ಬಿಟ್ಟ ಜಾಗ ಇಂದು ಗದ್ದಲಕ್ಕೂ ಮದ್ದಾದೀತೇ?

ಸ್ವಲ್ಪಮಟ್ಟಿಗೆ ಆಗುತ್ತದೆ, ಆದರೆ ಗಿಡವೊಂದರಿಂದಲೇ ಅಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದು. ಅಂಬೇಡ್ಕರ್ ರಸ್ತೆಯ ಬದಿಯವರಿಗೆ ಇದು ಕನಸಿನ ಮಾತು! 10 ಡೆಸಿಬೆಲ್ ಇಳಿದರೆ ಸದ್ದು ಅರ್ಧಕ್ಕಿಳಿದಂತೆ ಕಿವಿಗೆ ತೋರುತ್ತದೆ. ಗಿಡಮರಗಳಿಂದಲೇ 5ರಿಂದ 10 ಡೆಸಿಬೆಲ್ ಇಳಿಸಬೇಕಾದರೆ ಸುಮಾರು 30 ಮೀಟರ್ ಅಗಲದ ದಟ್ಟ ತೋಪು ಬೇಕು. ನಮ್ಮಲ್ಲಿರುವುದು ಕೆಲವೇ ಅಡಿ.

ಆದ್ದರಿಂದ ಮೊದಲ ಮದ್ದು ಗೋಡೆ. ಕಣ್ಣಿಗೆ ರಸ್ತೆ ಕಾಣದಷ್ಟು ಎತ್ತರದ, ಸಂದುಗಳಿಲ್ಲದ ಗೋಡೆ ಸುಮಾರು 5 ಡೆಸಿಬೆಲ್ ತಡೆಯುತ್ತದೆ. ಜಾಲರಿ ಗೇಟು ಸದ್ದನ್ನು ತಡೆಯದು. ಗೋಡೆ ಎತ್ತರಿಸಲು ಸೊಸೈಟಿಯ ಮತ್ತು ಮಹಾನಗರಪಾಲಿಕೆಯ ಒಪ್ಪಿಗೆ ಬೇಕು ಎಂಬುದನ್ನು ಮರೆಯದಿರಿ.

ಎರಡನೆಯದು ಮಣ್ಣು. ಕಾಂಕ್ರೀಟು, ಟೈಲ್ಸ್ ಸದ್ದನ್ನು ಹಿಂದಕ್ಕೆಸೆಯುತ್ತವೆ. ಸಡಿಲ ಮಣ್ಣು, ಹುಲ್ಲು, ತರಗೆಲೆ ಒಂದಿಷ್ಟನ್ನು ಹೀರಿಕೊಳ್ಳುತ್ತವೆ.

ಗಿಡಗಳದು ಮೂರನೆಯ ಸ್ಥಾನ. ಬೇಸಿಗೆಯಲ್ಲಿ ಎಲೆ ಉದುರಿಸುವ ಗುಲ್‌ಮೊಹರ್‌ಗಿಂತ ವರ್ಷವಿಡೀ ಹಸಿರಾಗಿರುವ ಗಿಡ ಒಳ್ಳೆಯದು. ಮುಂದೆ ದಾಸವಾಳ, ಹಿಂದೆ ಬಿದಿರು ಅಥವಾ ಅಶೋಕ, ಗೋಡೆಗೆ ಮಲ್ಲಿಗೆ ಬಳ್ಳಿ ಎಂದು ಸಾಲು ಸಾಲಾಗಿ ನೆಡಿ. ಅಶೋಕದ ಕೆಳಗೊಂಬೆಗಳನ್ನು ಕತ್ತರಿಸಬೇಡಿ. ಸದ್ದು ನುಸುಳುವುದು ಅಲ್ಲಿಂದಲೇ. ಎಲೆಗಳ ಸರಸರ, ಹಕ್ಕಿಗಳ ಚಿಲಿಪಿಲಿ ಹಾರ್ನನ್ನು ಇಲ್ಲವಾಗಿಸದಿದ್ದರೂ ಮನಸ್ಸನ್ನು ಅದರಿಂದ ಬೇರೆಡೆಗೆ ಸೆಳೆಯುತ್ತವೆ. ಕುಂಡಗಳ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಗೊಡಬೇಡಿ, ಸೊಳ್ಳೆ ಕಾಟ ಶುರುವಾಗುತ್ತದೆ.

ಇದರ ಲಾಭವೆಲ್ಲ ನೆಲಮಹಡಿಯವರಿಗೇ ಹೆಚ್ಚು. ಮೂರನೆಯ ಮಹಡಿಯವರು ಗೋಡೆಯ ಮೇಲಿಂದ ರಸ್ತೆಯನ್ನು ನೋಡುತ್ತಾರೆ, ಕೇಳುತ್ತಾರೆ ಕೂಡ. ಅವರಿಗೆ ಬಿಗಿಯಾಗಿ ಮುಚ್ಚುವ ದಪ್ಪ ಗಾಜಿನ ಕಿಟಕಿಯೇ ಗತಿ.

ಎಲ್ಲರಿಗೂ ಸಲ್ಲುವ ಮದ್ದು ಇನ್ನೊಂದಿದೆ. 2020ರ ಜನವರಿಯಲ್ಲಿ ಮುಂಬಯಿ ಪೊಲೀಸರು ಒಂದು ಪ್ರಯೋಗದ ವಿಡಿಯೋ ಹೊರತಂದರು. ಹಾರ್ನುಗಳ ಸದ್ದು 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ! ನಕ್ಕು ಮರೆಯಬೇಡಿ, ಬೈಕು, ಕಾರು ನಡೆಸುವವರು ನೀವೇ.

ಕೊನೆಯದಾಗಿ ಒಂದು ಮಾತು. ಕಟ್ಟಡಗಳ ಪುನರ್‌ನಿರ್ಮಾಣದ ಮಾತು ಬಂದಾಗ, ಪಾರ್ಕಿಂಗಿಗಾಗಿ ಸೊಸೈಟಿ ಸಭೆ ಸೇರಿದಾಗ, ಮೊದಲು ಕಾಂಕ್ರೀಟಿನಡಿ ಹೋಗುವುದು ಈ ಮಣ್ಣಿನ ಪಟ್ಟಿಯೇ. ಹಿರಿಯರು ಚದರಡಿ ಲೆಕ್ಕದಲ್ಲಿ ಮುಳುಗಿರುತ್ತಾರೆ. ‘ಹಿತ್ತಲು ಎಲ್ಲಿದೆ?’ ಎಂದು ನಕ್ಷೆಯ ಮೇಲೆ ಬೆರಳಿಟ್ಟು ಕೇಳುವ ಕೆಲಸ ನಿಮ್ಮದು. ಮುಂದೆ ಆ ಮನೆಗಳಲ್ಲಿ ನಿದ್ದೆ ಮಾಡಬೇಕಾದವರು, ಮಕ್ಕಳನ್ನು ಓದಿಸಬೇಕಾದವರು ನೀವೇ ತಾನೆ?