*ಮಕ್ಕಳ ಅತಿತೂಕ: ಚಿಕಿತ್ಸೆಗೆ ಒಂದು ತಂಡವೇ ಬೇಕು*

ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲೂ ಈಗ ಕೇಳಿಬರುವ ಮಾತು: "ಇಂಟರ್ ಸೇರಿದ ಮೇಲೆ ಮಗ ತುಂಬಾ ದಪ್ಪ ಆಗಿದ್ದಾನೆ." ಬೆಳಿಗ್ಗೆಯಿಂದ ರಾತ್ರಿವರೆಗೆ ಕಾಲೇಜು, ಕೋಚಿಂಗ್. ನಡುವೆ ಚಹಾ, ಉಸ್ಮಾನಿಯಾ ಬಿಸ್ಕತ್ತು. ಭಾನುವಾರ ಬಿರಿಯಾನಿ, ಕೂಲ್‌ಡ್ರಿಂಕ್. ಆಟ ಇಲ್ಲ, ನಿದ್ದೆಯೂ ಸಾಲದು. ಆಗ ನಾವು ಹೇಳುವುದು ಒಂದೇ: "ಕಡಿಮೆ ತಿನ್ನು."

ಬೊಜ್ಜಿಗೆ ಕಾರಣಗಳು ಹಲವು: ಆಹಾರ, ನಿದ್ದೆ, ಮನಸ್ಸಿನ ಒತ್ತಡ, ವಂಶವಾಹಿ, ಕೆಲವೊಮ್ಮೆ ಹಾರ್ಮೋನು. ಆದ್ದರಿಂದ ಚಿಕಿತ್ಸೆಯಲ್ಲೂ ಹಲವರ ಪಾತ್ರವಿದೆ.

*ತಂಡದಲ್ಲಿ ಯಾರಿರುತ್ತಾರೆ?*

1️⃣ *ಮಕ್ಕಳ ತಜ್ಞರು:* ದೊಡ್ಡವರ ಬಿಎಂಐ ಲೆಕ್ಕ ಮಕ್ಕಳಿಗೆ ನೇರವಾಗಿ ಹೊಂದುವುದಿಲ್ಲ. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಪಟ್ಟಿ ನೋಡುತ್ತಾರೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಕತ್ತಿನ ಸುತ್ತ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ಅದು ಕೊಳೆಯಲ್ಲ, ಉಜ್ಜಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಇರಬಹುದು.

2️⃣ *ಹಾರ್ಮೋನು ತಜ್ಞರು:* ಎಲ್ಲರಿಗೂ ಬೇಕಿಲ್ಲ. ಹೆಚ್ಚಿನ ಮಕ್ಕಳಲ್ಲಿ ಬೊಜ್ಜಿಗೆ ಥೈರಾಯ್ಡ್ ಕಾರಣವಲ್ಲ. ಆದರೆ ತೂಕ ಏರುತ್ತಿದ್ದು ಎತ್ತರ ಬೆಳೆಯದಿದ್ದರೆ, ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾದರೆ ತಪ್ಪದೆ ತೋರಿಸಿ.

3️⃣ *ಆಹಾರ ತಜ್ಞರು:* ನಮ್ಮ ಊರಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) ಹೇಳುವಂತೆ ದಿನದ ಊಟದ ತಟ್ಟೆಯಲ್ಲಿ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆ ಇರಬೇಕು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಬೇಳೆ, ಮಜ್ಜಿಗೆ ಇದಕ್ಕೆ ಚೆನ್ನಾಗಿ ಹೊಂದುತ್ತವೆ.

4️⃣ *ವ್ಯಾಯಾಮ ಹೇಳಿಕೊಡುವವರು:* 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಗೆ ಕೆಲಸ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಂಡಿ ನೋವಿದ್ದರೆ ಫಿಸಿಯೋಥೆರಪಿಸ್ಟ್ ಸುಲಭದಿಂದ ಶುರು ಮಾಡಿಸುತ್ತಾರೆ.

5️⃣ *ಮನಶ್ಶಾಸ್ತ್ರಜ್ಞರು:* ಗೇಲಿಗೆ ನೊಂದು ಕದ್ದು ತಿನ್ನುವ, ಊಟ ಬಿಡುವ, ಆಟಕ್ಕೇ ಹೋಗದ ಮಕ್ಕಳಿದ್ದಾರೆ. ಬೈಗುಳ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ.

6️⃣ *ಮನೆಯವರು:* ತಂಡದ ಮುಖ್ಯ ಸದಸ್ಯರು ನೀವೇ. ಮಗುವಿಗೆ ಬೇರೆ ಅಡುಗೆ, ಉಳಿದವರಿಗೆ ಮಿರ್ಚಿ ಬಜ್ಜಿ ಎಂದರೆ ನಡೆಯದು. ಎಲ್ಲರಿಗೂ ಒಂದೇ ಊಟ ಇರಲಿ. ಫ್ರಿಜ್‌ನಲ್ಲಿ ಕೂಲ್‌ಡ್ರಿಂಕ್ ಬೇಡ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಸಿಗಲಿ. ನೆಂಟರ ಮುಂದೆ ತೂಕದ ಮಾತು ಬೇಡವೇ ಬೇಡ.

*ಎಷ್ಟು ದಿನ?*

ಒಂದು ಭೇಟಿಯಲ್ಲಿ ಮುಗಿಯುವುದಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ 2023ರ ಮಾರ್ಗಸೂಚಿ 3ರಿಂದ 12 ತಿಂಗಳಲ್ಲಿ 26 ಗಂಟೆ ಅಥವಾ ಹೆಚ್ಚು ಹೊತ್ತು ಕುಟುಂಬದ ಜೊತೆ ಕೂತು ಮಾರ್ಗದರ್ಶನ ನೀಡಬೇಕು ಎನ್ನುತ್ತದೆ. ಬೆಳೆಯುವ ಮಗು ತೂಕ ಇಳಿಸಲೇಬೇಕೆಂದಿಲ್ಲ. ಅನೇಕರಿಗೆ ತೂಕ ಏರದೆ ನಿಂತು, ಎತ್ತರ ಬೆಳೆದರೂ ಗೆಲುವೇ.

*ಎಲ್ಲಿಂದ ಶುರು ಮಾಡುವುದು?*

ನಿಮ್ಮ ಮಕ್ಕಳ ವೈದ್ಯರಿಂದ. ಎಲ್ಲ ತಜ್ಞರೂ ಒಂದೇ ಕಡೆ ಸಿಗದಿದ್ದರೂ ಪರವಾಗಿಲ್ಲ. ಒಂದೇ ಫೈಲ್ ಇಟ್ಟು ಎಲ್ಲರಿಗೂ ತೋರಿಸಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿದಿರಬೇಕು. ಜಾಹೀರಾತು ನೋಡಿ ಪುಡಿ, ಮಾತ್ರೆ, ಇಂಜೆಕ್ಷನ್ ತರಿಸಬೇಡಿ.

🙏 ಇದು ಸಾಮಾನ್ಯ ಮಾಹಿತಿ, ವೈದ್ಯರ ಸಲಹೆಗೆ ಬದಲಿಯಲ್ಲ. ಮನೆಯಲ್ಲಿ ಮಕ್ಕಳಿರುವವರಿಗೆ ತಲುಪಿಸಿ.